ಚಿಕ್ಕಬಳ್ಳಾಪುರದಿಂದ ಲಡಾಖ್‌ಗೆ ಕಾರಲ್ಲಿ ಹೋದರೆ ಉಸಿರು ಕಟ್ಟಲ್ವಾ?

"ಅಕ್ಕ, ಕಾರಲ್ಲೇ ಲಡಾಖ್‌ಗೆ ಹೋಗಿ ಬಂದ್ರಂತೆ? ಅಲ್ಲಿ ಉಸಿರು ಕಟ್ಟುತ್ತಂತಲ್ಲ, ಮನೆಯವರನ್ನೆಲ್ಲ ಕರ್ಕೊಂಡು ಹೋಗ್ಬಹುದಾ?"

ಬಿ.ಬಿ. ರಸ್ತೆಯಲ್ಲಿ ತರಕಾರಿ ಕೊಳ್ಳುವಾಗ, ಮದುವೆ ಊಟಕ್ಕೆ ಕೂತಾಗ, ಫೋನಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋಗಬಹುದು. ಆದರೆ ಹೋಗುವಾಗ ಶ್ರೀನಗರದ ಕಡೆಯಿಂದ ಹತ್ತಿ, ಬರುವಾಗ ಮನಾಲಿ ಕಡೆಗೆ ಇಳಿಯಿರಿ. ಇದನ್ನು ಮಾತ್ರ ಹಿಂದು ಮುಂದು ಮಾಡಬೇಡಿ.

ನಮ್ಮ ಪುಣ್ಯ ಏನೆಂದರೆ, ಶ್ರೀನಗರದ ದಾರಿ ನಮ್ಮೂರ ಪಕ್ಕದಲ್ಲೇ ಹೋಗುತ್ತದೆ. ಬಾಗೇಪಲ್ಲಿ ಕಡೆಗೆ ಹೋಗುವ ಹೈವೇಯನ್ನು ಹಿರಿಯರು ಇನ್ನೂ ಎನ್‌ಎಚ್ ಸೆವೆನ್ ಅಂತಲೇ ಕರೆಯುತ್ತಾರೆ. ಈಗ ಅದು ರಾಷ್ಟ್ರೀಯ ಹೆದ್ದಾರಿ 44. ಕನ್ಯಾಕುಮಾರಿಯಿಂದ ಬಂದು ನಮ್ಮ ಜಿಲ್ಲೆ ದಾಟಿ ಅನಂತಪುರ, ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ, ದೆಹಲಿ, ಜಮ್ಮು ಅಂತ ಸಾಗಿ ಶ್ರೀನಗರ ಮುಟ್ಟುತ್ತದೆ. ಬಯಲು ಸೀಮೆಯ ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಸ್ತೆ ಚೆನ್ನಾಗಿದೆ, ರಾತ್ರಿ ಓಡಿಸಬೇಡಿ, ಅಷ್ಟೇ. ಜಮ್ಮು ದಾಟಿದ ಮೇಲೆ ರಾಮಬನ್ ಹತ್ತಿರ ಮಳೆ ಬಂದರೆ ಗುಡ್ಡ ಕುಸಿಯುತ್ತದೆ, ರಸ್ತೆ ಬಂದ್ ಆಗುತ್ತದೆ. ಕೈಯಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ.

ಇನ್ನು ಉಸಿರಿನ ವಿಷಯ. ನಂದಿ ಬೆಟ್ಟದ ತುದಿ 1478 ಮೀಟರ್. ಶ್ರೀನಗರವೂ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿದೆ. ಅಲ್ಲಿಂದ ಸೋನಾಮಾರ್ಗ್, ಆಮೇಲೆ 3500 ಮೀಟರ್ ದಾಟುವ ಜೋಜಿ ಲಾ. ಲಾ ಅಂದರೆ ಕಣಿವೆ ದಾರಿ. ಅದನ್ನು ದಾಟಿ ದ್ರಾಸ್ ಮೇಲೆ ಇಳಿದರೆ ಕಾರ್ಗಿಲ್. ಅದು 2700 ಮೀಟರಿನ ಆಸುಪಾಸಿನಲ್ಲಿದೆ. ಆ ರಾತ್ರಿ ಅಲ್ಲಿ ನಿದ್ದೆ. ಮಾರನೇ ದಿನ ಫೋತು ಲಾದಲ್ಲಿ 4100 ಮೀಟರ್ ಮುಟ್ಟಿ, ಲಾಮಾಯೂರು ದಾಟಿ ಸುಮಾರು 3500 ಮೀಟರಿನ ಲೇಹ್‌ಗೆ ಇಳಿಯುತ್ತೀರಿ. ಹಗಲಲ್ಲಿ ಮೇಲೆ ಹತ್ತುತ್ತೀರಿ, ರಾತ್ರಿ ಕೆಳಗೆ ಮಲಗುತ್ತೀರಿ. ಮೈಗೆ ಬೇಕಾಗಿರುವುದು ಇದೇ.

ಮನಾಲಿ ಕಡೆಯಿಂದ ಹೋದರೆ ಇದು ಉಲ್ಟಾ. 2020ರಲ್ಲಿ ಅಟಲ್ ಸುರಂಗ ಆದಮೇಲೆ ಕೇಲಾಂಗ್ ತಲುಪುವುದು ಬಹಳ ಸುಲಭವಾಗಿದೆ. ಕೇಲಾಂಗ್ ಸುಮಾರು 3100 ಮೀಟರ್. ಮರುದಿನ ಬಾರಾಲಾಚಾ ಲಾ ದಾಟಿ ಸರ್ಚುವಿನ ಟೆಂಟಿನಲ್ಲಿ ಮಲಗುತ್ತಾರೆ. ಅದು 4200 ಮೀಟರಿಗೂ ಮೇಲೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಅನ್ನುತ್ತಾರೆ ಡಾಕ್ಟರುಗಳು. ಇಲ್ಲಿ ಒಂದೇ ದಿನಕ್ಕೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಸರ್ಚುವಿನಲ್ಲಿ ರಾತ್ರಿಯಿಡೀ ತಲೆ ಹಿಡಿದುಕೊಂಡು ಕೂರುವವರು ಅಷ್ಟು ಜನ ಇರುವುದು ಅದಕ್ಕೇ.

ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಆಗುವುದಿಲ್ಲ, ಅದೇ ನೂರಕ್ಕೆ 21. ಕಡಿಮೆ ಆಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು. 5300 ಮೀಟರಿನ ತಗ್ಲಂಗ್ ಲಾದಲ್ಲಿ ಅರ್ಧಕ್ಕಿಂತ ತುಸು ಮೇಲೆ. ಪ್ರತಿ ಉಸಿರಿಗೂ ಸಿಗುವುದು ಅಷ್ಟೇ ಕಡಿಮೆ. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ಸುಮ್ನೆ ಇರಿ, ಅದಕ್ಕಿಂತ ಮೇಲೆ ಮಲಗುವುದಿದ್ದರೆ ಇನ್ನೂ ಹೆಚ್ಚು. ಮೆಟ್ಟಿಲನ್ನೂ ನಿಧಾನಕ್ಕೆ ಹತ್ತಿ.

ಅಲ್ಲಿ ಮೊದಲ ರಾತ್ರಿ ನಮ್ಮ ಯಜಮಾನರ ಉಸಿರು ನಿದ್ದೆಯಲ್ಲಿ ನಿಂತೇ ಹೋದಂತಾಗಿ, ಆಮೇಲೆ ಜೋರಾಗಿ ಎಳೆದುಕೊಂಡು, ಮತ್ತೆ ನಿಲ್ಲುತ್ತಿತ್ತು. ನಾನು ಎದ್ದು ಕೂತು ಎಣಿಸುತ್ತಿದ್ದೆ. ಎತ್ತರದಲ್ಲಿ ಇದು ಬಹಳ ಜನಕ್ಕೆ ಆಗುತ್ತದೆ, ಅಷ್ಟರಿಂದಲೇ ಅಪಾಯ ಇಲ್ಲ. ಹೆದರಬೇಕಾದದ್ದು ಬೇರೆ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಮಾತು ತಡವರಿಸುವುದು, ನಡೆಯುವಾಗ ತೂರಾಡುವುದು. ಅನುಮಾನ ಬಂದರೆ ನೆಲದ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸಿ ನೋಡಿ. ಆಗಲಿಲ್ಲವಾ, ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ಕೆಳಗಿಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ ಡಾಕ್ಟರನ್ನು ಕಾಣಬೇಕು. ಎತ್ತರಕ್ಕೆ ಮೈ ಹೊಂದಿಕೊಳ್ಳಲಿ ಅಂತ ಕೊಡುವ ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳದೆ ನುಂಗಬೇಡಿ. ಸಲ್ಫಾ ಔಷಧ ಆಗಿಬರದವರಂತೂ ಅದನ್ನು ಹೇಳಲೇಬೇಕು. ಪುಟ್ಟ ಮಕ್ಕಳಿಗೆ ತಲೆನೋವು ಅಂತ ಹೇಳಲು ಬರುವುದಿಲ್ಲ. ಅವರು ಸ್ವಲ್ಪ ದೊಡ್ಡವರಾಗುವವರೆಗೆ ಕಾಯಿರಿ ಅನ್ನುವುದು ನನ್ನ ಮಾತು.

ಇಷ್ಟು ತಾಳ್ಮೆಯಿಂದ ಹತ್ತಿದವರಿಗೆ ಆ ನಾಡು ಏನು ತೋರಿಸುತ್ತದೆ ಅಂತ ಯಾರೂ ನನ್ನನ್ನು ಕೇಳುವುದಿಲ್ಲ. ನನಗೆ ಹೇಳುವ ಆಸೆ ಇರುವುದು ಅದೇ.

ಲೇಹ್‌ನಿಂದ ಮನಾಲಿ ದಾರಿ ಹಿಡಿದು, ಉಪ್ಶಿ, ರುಮ್ತ್ಸೆ ಹಳ್ಳಿಗಳನ್ನು ದಾಟಿ, ತಗ್ಲಂಗ್ ಲಾ ಇಳಿದ ಮೇಲೆ ಎಡಕ್ಕೆ ತಿರುಗಿದರೆ ತ್ಸೋ ಕಾರ್. 4500 ಮೀಟರ್ ಎತ್ತರದಲ್ಲಿ ಒಂದು ಉಪ್ಪಿನ ಕೆರೆ, ಸುತ್ತ ಬೆಳ್ಳಗೆ ಹರಡಿದ ಉಪ್ಪಿನ ಬಯಲು. ಅದಕ್ಕೆ ತಾಗಿದಂತೆ ದಕ್ಷಿಣದಲ್ಲಿ ಸ್ತರ್ತ್ಸಾಪುಕ್ ತ್ಸೋ ಅನ್ನುವ ಇನ್ನೊಂದು ಕೆರೆ ಇದೆ. ಅದರ ನೀರು ಸಿಹಿ. ಪಕ್ಕಪಕ್ಕದಲ್ಲೇ ಇದ್ದು ಒಂದು ಸಿಹಿ, ಒಂದು ಉಪ್ಪು ಹೇಗೆ? ಕೆರೆ ಸಾಲಿನ ಸೀಮೆಯಿಂದ ಹೋದ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೇಲಿನ ಕೆರೆಗೆ ಕೋಡಿ ಇದೆ. ಹೆಚ್ಚಾದ ನೀರು ಹರಿದು ಕೆಳಗಿನದಕ್ಕೆ ಬರುತ್ತದೆ, ಬರುವಾಗ ಕರಗಿದ ಉಪ್ಪನ್ನೂ ತರುತ್ತದೆ. ಕೆಳಗಿನ ಕೆರೆಗೆ ಕೋಡಿಯೇ ಇಲ್ಲ, ನೀರು ಎಲ್ಲಿಗೂ ಹೋಗುವಂತಿಲ್ಲ. ಬಿಸಿಲಿಗೆ, ಒಣ ಗಾಳಿಗೆ ಆರಿ ಹೋಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಸಾವಿರಾರು ವರ್ಷ ಇದೇ ನಡೆದಿದೆ. ಬೆಟ್ಟದ ಬುಡದಲ್ಲಿ ಹಳೆಯ ದಡದ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ಕೆರೆ ಒಂದು ಕಾಲಕ್ಕೆ ಎಷ್ಟು ದೊಡ್ಡದಿತ್ತು ಅಂತ ಅಲ್ಲೇ ನಿಂತು ಅಳೆಯಬಹುದು.

ದಡದಲ್ಲಿ ಕೂತು ಆ ಉಪ್ಪನ್ನು ಹತ್ತಿರದಿಂದ ನೋಡಿದೆ. ದೂರಕ್ಕೆ ನುಣ್ಣಗೆ ಕಂಡದ್ದು ಹತ್ತಿರದಲ್ಲಿ ಉಬ್ಬಿ, ಬಿರಿದು, ಹಪ್ಪಳದಷ್ಟು ತೆಳ್ಳಗಿತ್ತು. ಬೆರಳಲ್ಲಿ ಒತ್ತಿದರೆ ಪಟ್ ಅಂತ ಮುರಿದು, ಕೆಳಗೆ ಬೂದು ಬಣ್ಣದ ಹಸಿ ಕೆಸರು. ಹಿಂದೆ ಚಾಂಗ್ಪಾ ಕುರಿಗಾಹಿಗಳು ಈ ಉಪ್ಪನ್ನು ಕೂಡಿಸಿ, ಕುರಿಗಳ ಬೆನ್ನಿಗೆ ಸಣ್ಣ ಸಣ್ಣ ಚೀಲ ಹೇರಿ, ದೂರದ ಹಳ್ಳಿಗಳಿಗೆ ಒಯ್ದು ಬಾರ್ಲಿಗೆ ಬದಲಾಯಿಸುತ್ತಿದ್ದರು. ಈಗಲೂ ಅವರು ಪಶ್ಮಿನಾ ಮೇಕೆಗಳೊಂದಿಗೆ ಅದೇ ಬಯಲಲ್ಲಿ ಇದ್ದಾರೆ.

ಅಲ್ಲಿನ ತುಕ್ಜೆ ಹಳ್ಳಿಯಲ್ಲಿ ರಾತ್ರಿ ಉಳಿದೆವು. ನಾನು ರಾಗಿ ಹಿಟ್ಟು ಒಯ್ದಿದ್ದೆ. ಎಸರು ಕೊತಕೊತ ಕುದಿಯುತ್ತಿತ್ತು, ಆದರೆ ಆ ಎತ್ತರದಲ್ಲಿ ನೀರು ಕುದಿಯುವುದೇ 85 ಡಿಗ್ರಿಗೆ. ಎಷ್ಟು ಹೊತ್ತು ಬೇಯಿಸಿದರೂ ಮುದ್ದೆಯಲ್ಲಿ ಹಸಿ ಹಿಟ್ಟಿನ ವಾಸನೆ ಹೋಗಲಿಲ್ಲ. ಆ ಮನೆಯ ಅಮ್ಮ ನೋಡಿ, ಏನೂ ಹೇಳದೆ ಅದನ್ನು ಕುಕ್ಕರಿಗೆ ಹಾಕಿ ವಿಷಲ್ ಕೂಗಿಸಿದರು. ಬೆಂದಿತು. ಅವರೂ ತಿಂದರು, ಅವರ ಬೆಣ್ಣೆ ಹಾಕಿಕೊಂಡು.

ಒಂದು ಕೈಮುಗಿದು ಕೇಳುತ್ತೇನೆ. ಫೋಟೋಗೆ ಅಂತ ಉಪ್ಪಿನ ಬಯಲಿಗೆ ಕಾರು ಇಳಿಸಬೇಡಿ. ಕಾರು ಹೂತುಕೊಳ್ಳುವುದು ಒಂದು ಕಡೆ. ಕಪ್ಪು ಕತ್ತಿನ ಕ್ರೌಂಚ ಹಕ್ಕಿ (ಬ್ಲ್ಯಾಕ್ ನೆಕ್ಡ್ ಕ್ರೇನ್) ಭಾರತದಲ್ಲಿ ಮರಿ ಮಾಡುವ ಕೆಲವೇ ಜಾಗಗಳಲ್ಲಿ ಈ ಜೌಗು ಒಂದು. 2020ರಲ್ಲಿ ಇದನ್ನು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಿದ್ದಾರೆ. ಟೈರಿನ ಗುರುತು ಅಲ್ಲಿ ವರ್ಷಗಟ್ಟಲೆ ಮಾಸುವುದಿಲ್ಲ.

ಹೊರಡುವುದಾದರೆ ಸೆಪ್ಟೆಂಬರ್ ಮೊದಲ ವಾರ ಒಳ್ಳೆಯದು. ಮಳೆ ತಗ್ಗಿರುತ್ತದೆ, ಹಿಮ ಇನ್ನೂ ಬಂದಿರುವುದಿಲ್ಲ. ಲೇಹ್ ಬಿಡುವಾಗಲೇ ಟ್ಯಾಂಕ್ ಫುಲ್ ಮಾಡಿಸಿ, ಕೇಲಾಂಗ್ ಹತ್ತಿರದ ತಾಂಡಿ ಬರುವವರೆಗೆ ಬಂಕ್ ಸಿಗುತ್ತದೆ ಅಂತ ನಂಬಬೇಡಿ. ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳು ಮಧ್ಯಾಹ್ನದ ಮೇಲೆ ತುಂಬುತ್ತವೆ, ಬೆಳಿಗ್ಗೆಯೇ ದಾಟಿ. ರಜೆ ಕಡಿಮೆ ಇದ್ದರೆ ದೇವನಹಳ್ಳಿಯಿಂದ ವಿಮಾನ ಹತ್ತಿ, ಆದರೆ ಲೇಹ್‌ಗೆ ಬೇಡ, ಶ್ರೀನಗರಕ್ಕೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಮಲಗಿಕೊಂಡು ಹೋಗಿ.