ರೆಂಬೆಯ ಬುಡದ ಉಬ್ಬು

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ತುಮಕೂರಿನ ಬಡಾವಣೆಗಳಲ್ಲಿ ಮನೆ ಮುಂದಿನ ಗಿಡಗಳಿಗೆಲ್ಲ ಒಂದೇ ಬಗೆಯ ಕ್ಷೌರವಾಗುತ್ತದೆ. ದಾಸವಾಳವೂ ಕಾಗದದ ಹೂವಿನ ಬಳ್ಳಿಯೂ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಅದನ್ನು ತಾಳಿಕೊಳ್ಳುತ್ತವೆ. ದೇವಕಣಗಿಲೆಯಾದರೋ ರೆಂಬೆಯ ತುದಿಯಲ್ಲಿ ಗೊಂಚಲು ಹಿಡಿಯುವ ಮರ, ತುದಿಗಳನ್ನೆಲ್ಲ ಸವರಿದರೆ ಆ ವರ್ಷದ ಹೂವಿಗೆ ಬಹುಮಟ್ಟಿಗೆ ಎಳ್ಳುನೀರು ಬಿಟ್ಟಂತೆಯೇ.

ಇಂದು ಬೆಳಿಗ್ಗೆ ತಾರಸಿಗೆ ತಾಗುತ್ತಿದ್ದ ಸಂಪಿಗೆಯ ರೆಂಬೆಯೊಂದನ್ನು ತೆಗೆದೆ. ರೆಂಬೆ ಕಾಂಡವನ್ನು ಸೇರುವಲ್ಲಿ ತೊಗಟೆ ಸುಕ್ಕುಗಟ್ಟಿ ಬಳೆಯಂತೆ ಉಬ್ಬಿರುತ್ತದೆ. ಗಾಯವನ್ನು ಮುಚ್ಚುವ ಹೊಸ ಅಂಗಾಂಶ ಬೆಳೆಯುವುದು ಅಲ್ಲಿಂದಲೇ ಆದ್ದರಿಂದ ಗರಗಸವನ್ನು ಅದರ ಹೊರಗಡೆಗೇ ಇಡಬೇಕು, ಹಾಗೆಂದು ಗೇಣುದ್ದದ ಮೋಟನ್ನೂ ಉಳಿಸಬಾರದು, ಅದು ಒಣಗಿ ಕೊಳೆಯುತ್ತದೆ. ಭಾರದ ರೆಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ದು, ಅದರಾಚೆ ಮೇಲಿನಿಂದ ಕತ್ತರಿಸಿ, ಉಳಿದ ತುಂಡನ್ನು ಕೊನೆಯಲ್ಲಿ ತೆಗೆದರೆ ತೊಗಟೆ ಸಿಗಿದು ಬರುವುದಿಲ್ಲ.

ಗಾಯಕ್ಕೆ ಪೇಂಟ್ ಬಳಿಯಲೇಬೇಕೆಂದು ಪಕ್ಕದ ಮನೆಯವರು ಡಬ್ಬಿ ಹಿಡಿದು ಬಂದಿದ್ದರು. ಮರ ಕೊಳೆತ ಭಾಗವನ್ನು ಒಳಗಿನಿಂದಲೇ ಗೋಡೆ ಕಟ್ಟಿ ಬೇರ್ಪಡಿಸುತ್ತದೆ ಎಂಬುದನ್ನು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೊ 1970ರ ದಶಕದಲ್ಲೇ ವಿವರಿಸಿದ್ದರು. ಬಣ್ಣ ಕೊಳೆತವನ್ನು ತಡೆಯುವುದಿಲ್ಲ. ಪಕ್ಕದ ಮನೆಯವರಿಗೆ ಇದು ಒಪ್ಪಿಗೆಯಾದಂತೆ ಕಾಣಲಿಲ್ಲ. ನಾಳೆ ಕಣಗಿಲೆಯ ಸರದಿ. ಅದರ ಹಾಲು ವಿಷವಾದ್ದರಿಂದ ಕೈಗವಸು ಬೇಕು, ಕತ್ತರಿಸಿದ ಕಡ್ಡಿಗಳನ್ನು ಸುಡದೆ, ದನಗಳಿಗೂ ಸಿಗದಂತೆ ಹೂಳಬೇಕು.