ಬರೀ ಗೋಡೆ ನಂಬ್ಕೊಂಡ್ರೆ ಆಗಲ್ಲ

ಅಮೆರಿಕದ ಲೂಸಿಯಾನಾ ರಾಜ್ಯದ ಜಾನ್ ಲೋಪೆಜ್ ಅನ್ನೋ ಕರಾವಳಿ ವಿಜ್ಞಾನಿ ಬಗ್ಗೆ ಓದ್ತಿದ್ದೆ. 2005ರ ಕತ್ರಿನಾ ಚಂಡಮಾರುತಕ್ಕೆ ಅಲ್ಲಿನ ನ್ಯೂ ಆರ್ಲಿಯನ್ಸ್‌ ನಗರದ ತಡೆಗೋಡೆಗಳು ಒಡೆದು ಊರಿನ ಶೇ 80ರಷ್ಟು ಮುಳುಗಿತ್ತಲ್ವಾ, ಈ ಮನುಷ್ಯ ಹೇಳೋದು ಗೋಡೆ ಬೇಕು ಆದ್ರೆ ಅದೊಂದೇ ಸಾಲಲ್ಲ, ಸಮುದ್ರದ ಕಡೆಯಿಂದ ಲೆಕ್ಕ ಹಾಕ್ಕೊಂಡು ಬನ್ನಿ, ಮೊದಲು ಮರಳಿನ ದ್ವೀಪಗಳು, ಆಮೇಲೆ ಜೌಗು, ದಿಬ್ಬ, ಆಮೇಲೆ ಗೋಡೆ, ಪಂಪು, ಎತ್ತರಿಸಿ ಕಟ್ಟಿದ ಮನೆ, ಕೊನೆಗೆ ಚಂಡಮಾರುತ ಬರೋ ಮುಂಚೆ ಜನರನ್ನ ಊರಿಂದ ಆಚೆ ಕಳಿಸೋದು, ಇವೆಲ್ಲಾ ಸೇರಿದ್ರೇನೇ ರಕ್ಷಣೆ ಅಂತ.

ಸಿಂಪಲ್ ಅನ್ಸುತ್ತೆ. ಆದ್ರೆ ಅಲ್ಲಿ ಜೌಗೇ ಕರಗಿ ಹೋಗ್ತಿದೆ ಕಣ್ರೀ, 1930ರ ದಶಕದಿಂದ ಸುಮಾರು 5,000 ಚದರ ಕಿ.ಮೀ. ನೆಲ ನೀರುಪಾಲು! ಮಿಸಿಸಿಪ್ಪಿ ನದಿಗೆ ಎರಡೂ ಕಡೆ ಏರಿ ಕಟ್ಟಿದ್ರಿಂದ ಜೌಗನ್ನ ಬೆಳೆಸೋ ಹೂಳು ಅಲ್ಲಿಗೆ ಸೇರ್ದೆ ಸೀದಾ ಸಮುದ್ರಕ್ಕೆ, ಅದು ಸಾಲ್ದು ಅಂತ ಹಡಗಿಗೋಸ್ಕರ 1960ರ ದಶಕದಲ್ಲಿ ತೋಡಿದ ಕಾಲುವೆಯಿಂದ ಉಪ್ಪುನೀರು ನುಗ್ಗಿ ಸೈಪ್ರೆಸ್ ಮರಗಳು ಸತ್ತವು, 2009ರಲ್ಲಿ ಕಲ್ಲು ತುಂಬಿ ಮುಚ್ಚಿದ್ರು.

ನದಿ ಏರಿಗೆ ಬಾಗಿಲು ಮಾಡಿ ಹೂಳನ್ನ ಮತ್ತೆ ಜೌಗಿಗೆ ಬಿಡೋ ಮಿಡ್-ಬರಟಾರಿಯಾ ಯೋಜನೆ 2023ರಲ್ಲಿ ಶುರುವಾಗಿ 2025ರಲ್ಲಿ ಕ್ಯಾನ್ಸಲ್ ಆಯ್ತು. ಸುಮಾರು 300 ಕೋಟಿ ಡಾಲರ್ ಖರ್ಚು ಅನ್ನೋದೊಂದು, ಸಿಹಿನೀರು ಬಂದ್ರೆ ನಮ್ಮ ಸಿಗಡಿ, ಸಿಂಪಿ ಕಥೆ ಏನು ಅನ್ನೋ ಮೀನುಗಾರರ ವಿರೋಧ ಇನ್ನೊಂದು. ಅವರನ್ನ ಬೈಯೋಕೂ ಮನಸ್ಸು ಬರಲ್ಲ, ಜೌಗು ಬೆಳೆಯೋಕೆ ದಶಕಗಳು ಬೇಕು, ಬಲೆ ಹಾಕೋನಿಗೆ ಈ ಸೀಸನ್ನೇ ಮುಖ್ಯ ತಾನೇ.