ಅಗೆಯುವ ಮೊದಲೇ ಅಳೆಯಬೇಕಾದ ನೀರು

ಕಲ್ಲಿದ್ದಲು ಗಣಿಯ ಸುತ್ತಲಿನ ನೀರಿನ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಅಳತೆ ಆರಂಭವಾದ ದಿನಾಂಕವನ್ನು. ಬಾವಿ ಬತ್ತಿದಾಗ ಊರಿನವರು ಗಣಿಯನ್ನು ದೂರುತ್ತಾರೆ, ಗಣಿಯವರು ಮಳೆಯ ಕೊರತೆಯನ್ನು ಮುಂದಿಡುತ್ತಾರೆ. ಅಗೆತಕ್ಕೆ ಮೊದಲು ಕನಿಷ್ಠ ಒಂದು ಪೂರ್ಣ ವರ್ಷ, ಮಳೆಗಾಲ ಬೇಸಿಗೆಗಳೆರಡರಲ್ಲೂ, ನೀರಿನ ಮಟ್ಟವನ್ನೂ ಗುಣವನ್ನೂ ದಾಖಲಿಸಿಡದಿದ್ದರೆ ಈ ವಿವಾದವನ್ನು ಬಗೆಹರಿಸಬಲ್ಲ ಸಾಕ್ಷ್ಯ ಯಾರ ಬಳಿಯೂ ಇರುವುದಿಲ್ಲ.

ಗಣಿಯೊಳಗೆ ಒಸರುವ ನೀರನ್ನು ಪಂಪ್ ಮಾಡಿ ಹೊರಹಾಕುವಷ್ಟು ಕಾಲವೂ ಸುತ್ತಲಿನ ಅಂತರ್ಜಲ ಗಣಿಯತ್ತ ಹರಿದು ಕೆಳಗಿಳಿಯುತ್ತದೆ. ಆದ್ದರಿಂದ ವೀಕ್ಷಣಾ ಬಾವಿಗಳು ಬೇರೆ ಬೇರೆ ದೂರ ಮತ್ತು ಆಳಗಳಲ್ಲಿರಬೇಕು. ಗಣಿಯ ಪ್ರಭಾವ ತಲುಪದ ಕಡೆಯೂ ಒಂದು ಬಾವಿಯಿದ್ದು, ಜೊತೆಗೆ ಮಳೆಯ ಲೆಕ್ಕವೂ ಇದ್ದರೆ ಬರಗಾಲದ ಇಳಿತ ಯಾವುದು, ಪಂಪಿನಿಂದಾದ ಇಳಿತ ಯಾವುದು ಎಂದು ಬೇರ್ಪಡಿಸಬಹುದು.

ಗುಣಮಟ್ಟದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕಲ್ಲಿದ್ದಲಿನಲ್ಲೂ ಅದರ ಅಕ್ಕಪಕ್ಕದ ಶಿಲೆಯಲ್ಲೂ ಇರುವ ಪೈರೈಟ್ ಎಂಬ ಕಬ್ಬಿಣ ಮತ್ತು ಗಂಧಕದ ಖನಿಜವು ಗಾಳಿ, ನೀರುಗಳ ಸಂಪರ್ಕಕ್ಕೆ ಬಂದಾಗ ಗಂಧಕಾಮ್ಲವಾಗುತ್ತದೆ; ಆ ಆಮ್ಲವು ಬಂಡೆಯಲ್ಲಿರುವ ಮ್ಯಾಂಗನೀಸ್, ಅಲ್ಯೂಮಿನಿಯಂಗಳನ್ನು ಕರಗಿಸಿ ಹೊಳೆಗೆ ತರುತ್ತದೆ. ಹೊಳೆಯ ತಳದ ಕಲ್ಲುಗಳಿಗೆ ಕಿತ್ತಳೆ ಬಣ್ಣದ ಕಬ್ಬಿಣದ ಲೇಪ ಹತ್ತಿದಾಗ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಅಷ್ಟರಲ್ಲಿ ತಡವಾಗಿರುತ್ತದೆ. ಶಿಲೆಯಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದು ಆಮ್ಲವನ್ನು ತಟಸ್ಥಗೊಳಿಸುತ್ತದೆ, ಆಮ್ಲೀಯತೆಯನ್ನು ತೋರಿಸುವ ಪಿಎಚ್ ಅಳತೆ ತಟಸ್ಥ ನೀರಿನ 7ರ ಆಸುಪಾಸಿನಲ್ಲೇ ಉಳಿಯುತ್ತದೆ, ವರದಿಯಲ್ಲಿ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಆದರೆ ಪೈರೈಟಿನ ಗಂಧಕದಿಂದ ಹುಟ್ಟುವ ಸಲ್ಫೇಟ್ ಬಹುಪಾಲು ನೀರಿನಲ್ಲೇ ಉಳಿಯುವುದರಿಂದ, ಅದರ ಪ್ರಮಾಣವೂ ಕರಗಿದ ಲವಣಗಳೊಂದಿಗೆ ಹೆಚ್ಚುವ ನೀರಿನ ವಿದ್ಯುತ್ ವಾಹಕತೆಯೂ ತಿಂಗಳಿಂದ ತಿಂಗಳಿಗೆ ಏರುತ್ತ, ಒಳಗೆ ಪೈರೈಟ್ ಕೊಳೆಯುತ್ತಿರುವುದನ್ನು ಮೊದಲೇ ತಿಳಿಸುತ್ತವೆ. ಪಿಎಚ್ ಒಂದನ್ನೇ ನೋಡಿ ನೀರು ಸುರಕ್ಷಿತವೆಂದು ಘೋಷಿಸುವುದನ್ನು ನಾನು ಒಪ್ಪಲಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2011ರಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಗಳ ಗುಡ್ಡಗಾಡು ಪ್ರದೇಶವಾದ ಮಧ್ಯ ಅಪಲಾಚಿಯಾದ ಹೊಳೆಗಳ ಜೀವಿಗಳ ರಕ್ಷಣೆಗೆ ಸೂಚಿಸಿದ ಮಾನದಂಡವೂ ವಾಹಕತೆಯದ್ದೇ: ಸೆಂಟಿಮೀಟರಿಗೆ 300 ಮೈಕ್ರೋಸೀಮನ್ಸ್. ಉಪ್ಪಿನಂಶ ಹೆಚ್ಚಿದಂತೆ ಅಲ್ಲಿ ಮೊದಲು ಕಣ್ಮರೆಯಾಗುವ ಜೀವಿಗಳಲ್ಲಿ ಮೇಫ್ಲೈ ಎಂಬ ಕೀಟದ ಮರಿಗಳು ಸೇರಿವೆ.

ಮಾದರಿ ಸಂಗ್ರಹಿಸುವವರ ಕೈಯಲ್ಲೂ ಬಹಳಷ್ಟಿದೆ. ಪಿಎಚ್ ಮತ್ತು ಕರಗಿದ ಆಮ್ಲಜನಕವನ್ನು ನೀರಿನ ಬಳಿಯೇ ಅಳೆಯಬೇಕು. ಕರಗಿದ ಲೋಹಗಳ ಪರೀಕ್ಷೆಯ ಮಾದರಿಯನ್ನು ಅಲ್ಲೇ ಸೋಸಿ ನೈಟ್ರಿಕ್ ಆಮ್ಲ ಬೆರೆಸದಿದ್ದರೆ, ಪ್ರಯೋಗಾಲಯ ತಲುಪುವಷ್ಟರಲ್ಲಿ ಕಬ್ಬಿಣ ಸೀಸೆಯ ತಳ ಸೇರಿ ಫಲಿತಾಂಶ ಕಡಿಮೆ ಬರುತ್ತದೆ.

ಗಣಿ ಮುಚ್ಚಿದ ಮೇಲಿನ ಕಾಲವೇ ನನ್ನನ್ನು ಹೆಚ್ಚು ಕಾಡುತ್ತದೆ. ಪಂಪುಗಳು ನಿಂತ ಬಳಿಕ ನೀರು ವರ್ಷಗಟ್ಟಲೆ ನಿಧಾನವಾಗಿ ಮೇಲೇರಿ, ಸುರಂಗದ ಗೋಡೆಗಳಲ್ಲಿ ಸಂಗ್ರಹವಾದ ಲವಣಗಳನ್ನು ಕರಗಿಸಿಕೊಂಡು ಹೊರಬರುತ್ತದೆ. ಆರಂಭದ ಆ ಹರಿವೇ ಹಲವೆಡೆ ಅತ್ಯಂತ ಕಲುಷಿತವಾಗಿರುತ್ತದೆ. ಆ ವರ್ಷಗಳ ಅಳತೆಗೆ ಬೇಕಾದ ಹಣವನ್ನು ಗಣಿ ದುಡಿಯುತ್ತಿರುವಾಗಲೇ ತೆಗೆದಿರಿಸಬೇಕು, ಪ್ರತಿ ತಿಂಗಳ ಅಂಕಿಗಳು ಆ ನೀರನ್ನು ಕುಡಿಯುವವರಿಗೆ ಕೇಳದೆಯೇ ಸಿಗುವಂತಿರಬೇಕು.